ಹಳೆಯ ದೋಣಿ ಎಂಜಿನ್ನಿಗೆ ಹೊಸ ಕಸುವು

ಯಾದಗಿರಿ ಜಿಲ್ಲೆಯ ಸುರಪುರದಿಂದ ಲಿಂಗಸುಗೂರಿನ ಕಡೆಗೆ ಹೋಗುವವರು ಕೃಷ್ಣೆಯನ್ನು ದಾಟುವ ಸ್ಥಳ ತಿಂಥಣಿ. ಮೌನೇಶ್ವರರ ಗುಡಿಯಿಂದ, ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಕೂಡುವ ಜಾತ್ರೆಯಿಂದ ಹೆಸರಾದ ಊರು. ಬೇಸಿಗೆಯಲ್ಲಿ ಇಲ್ಲಿಯ ಸೇತುವೆಯ ಮೇಲೆ ನಿಂತು ನೋಡಿದರೆ ಬಂಡೆಗಳ ನಡುವೆ ದಾರಿ ಹುಡುಕಿಕೊಂಡು ಸಾಗುವ ನೀರು ಕಾಣುತ್ತದೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹೊಯ್ದು, ಆಲಮಟ್ಟಿ ತುಂಬಿ, ನಾರಾಯಣಪುರದ ಬಸವಸಾಗರದ ಗೇಟುಗಳು ತೆರೆದ ದಿನ ಇದೇ ಹೊಳೆಯ ರೂಪ ಬೇರೆ. 2019ರ ಆಗಸ್ಟ್ ತಿಂಗಳಿನಲ್ಲಿ ಬಸವಸಾಗರದಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಹೊರಬಿತ್ತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹಾಗಾದರೆ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಒಂದು ಕೋಟಿ ನಲವತ್ತು ಲಕ್ಷ ಲೀಟರಿನಷ್ಟು ನೀರು ನಮ್ಮ ಮುಂದೆ ಹಾದುಹೋಗುತ್ತದೆ.

ಈ ಹೊಳೆಯ ನಡುವೆ ಗಡ್ಡೆಗಳಿವೆ, ಗಡ್ಡೆಗಳಲ್ಲಿ ಜನರಿದ್ದಾರೆ. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಅಂಥದೊಂದು ಊರು. 2014ರಲ್ಲಿ ಅಲ್ಲಿಯ ತುಂಬುಗರ್ಭಿಣಿಯೊಬ್ಬರು, ಹೆರಿಗೆಗೆ ಆಸ್ಪತ್ರೆ ಸೇರಬೇಕೆಂದು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಬಂತು. ಆ ತಾಯಿಯ ಧೈರ್ಯವನ್ನು ಎಲ್ಲರೂ ಹೊಗಳಿದರು. ಆದರೆ ಅಂಥ ಧೈರ್ಯ ಅವರಿಗೆ ಬೇಕಾದದ್ದಾದರೂ ಏಕೆ? ಪ್ರವಾಹದ ಎದುರು ನಿಲ್ಲಬಲ್ಲ, ನಂಬಿ ಕೂರಬಲ್ಲ ಒಂದು ದೋಣಿ ಆ ಹೊತ್ತಿಗೆ ಅಲ್ಲಿ ಇರಲಿಲ್ಲ. ಹರಿಗೋಲು ತಗ್ಗಿದ ನೀರಿನ ವಾಹನ; ಉಕ್ಕುವ ಹೊಳೆಯಲ್ಲಿ ಅದನ್ನು ಇಳಿಸಲು ಅನುಭವಿ ಅಂಬಿಗರೂ ಒಪ್ಪುವುದಿಲ್ಲ. ಅಂಥ ದಿನ ಬೇಕಾಗುವುದು ಎಂಜಿನ್ ಇರುವ ದೋಣಿ.

ಇಂದು ನಾನು ಮಾತನಾಡಬೇಕೆಂದಿರುವುದು ಆ ಎಂಜಿನ್ನಿನ ವಿಷಯ. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸಿ ನಿಲ್ಲಿಸುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಎಂಜಿನ್ ಎಂದು ಹೆಸರು. ಅಮೆರಿಕದ ಮಿಲ್ವಾಕೀ ನಗರದಲ್ಲಿ ನೆಲೆಸಿದ್ದ, ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ಇದನ್ನು ಮಾರಾಟಕ್ಕೆ ತಂದರು. ಮೇಲೆ ಎಂಜಿನ್, ನಡುವೆ ಉದ್ದನೆಯ ಕಾಲು, ಕೆಳಗೆ ನೀರಿನೊಳಗೆ ಗೇರು ಮತ್ತು ಪಂಕ ಎಂಬ ಆ ಮೂಲ ರಚನೆ ಇಂದಿಗೂ ಹಾಗೆಯೇ ಉಳಿದಿದೆ. ಹಳೆಯದಾದ ಇಂಥ ಎಂಜಿನ್ನುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲ ಮೀನುಗಾರರಿಗೂ ಇಲ್ಲ, ಎಲ್ಲ ಪಂಚಾಯಿತಿಗಳಿಗೂ ಇಲ್ಲ. ಆದುದರಿಂದ ಇರುವ ಎಂಜಿನ್ನಿನಿಂದಲೇ ಅದರ ಪೂರ್ಣ ಶಕ್ತಿಯನ್ನು ಮರಳಿ ಪಡೆಯುವುದು ಹೇಗೆ ಎಂಬುದು ನಮ್ಮ ಪ್ರಶ್ನೆ.

ಹೊಳೆಯ ಲೆಕ್ಕ

"ಎಂಜಿನ್ ಸ್ವಲ್ಪ ಮಂದ ಆಗ್ಯದ, ಆದರೆ ನಡೀತದ" ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಕೆರೆಯಲ್ಲಿ ಈ ಮಾತು ಸರಿ. ಹರಿಯುವ ಹೊಳೆಯಲ್ಲಿ ಇದು ಅಪಾಯದ ಮಾತು. ಹೇಗೆಂದು ಲೆಕ್ಕ ಹಾಕಿ ನೋಡೋಣ.

ನಿಂತ ನೀರಿನಲ್ಲಿ ಒಂದು ದೋಣಿ ಗಂಟೆಗೆ 15 ಕಿಲೋಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಹೊಳೆಯ ಸೆಳೆತ ಗಂಟೆಗೆ 10 ಕಿಲೋಮೀಟರ್. ಎದುರುನೀರಿನಲ್ಲಿ ಈ ದೋಣಿಗೆ ಉಳಿಯುವ ನಿಜವಾದ ಮುನ್ನಡೆ ಗಂಟೆಗೆ 5 ಕಿಲೋಮೀಟರ್. ಒಂದು ಕಿಲೋಮೀಟರ್ ಏರಲು 12 ನಿಮಿಷ ಬೇಕು. ಈಗ ಎಂಜಿನ್ ಮಂದವಾಗಿ ದೋಣಿಯ ವೇಗ 15ರಿಂದ 12ಕ್ಕೆ ಇಳಿಯಿತು ಎನ್ನಿ. ಐದರಲ್ಲಿ ಒಂದು ಪಾಲು ಮಾತ್ರ ನಷ್ಟ. ಆದರೆ ಸೆಳೆತ ಅಷ್ಟೇ ಇದೆ. 12ರಲ್ಲಿ 10 ಕಳೆದರೆ ಉಳಿದದ್ದು 2. ಅದೇ ಒಂದು ಕಿಲೋಮೀಟರಿಗೆ ಈಗ 30 ನಿಮಿಷ. ವೇಗದಲ್ಲಿ ಶೇಕಡಾ 20ರಷ್ಟು ಕುಂದಾದರೆ ಮುನ್ನಡೆಯಲ್ಲಿ ಶೇಕಡಾ 60ರಷ್ಟು ಹೋಯಿತು. ಇನ್ನು ಸ್ವಲ್ಪ ಮಂದವಾದರೆ ಎಂಜಿನ್ ಗುಡುಗುಡು ಎನ್ನುತ್ತಲೇ ಇರುತ್ತದೆ, ದೋಣಿ ಮಾತ್ರ ಹಿಂದಕ್ಕೆ ಸರಿಯುತ್ತಿರುತ್ತದೆ, ಹಿಂದೆ ಬಂಡೆಗಳಿವೆ.

ಹಳೆಯ ಎಂಜಿನ್ನಿಗೆ ಕಸುವು ತುಂಬುವುದನ್ನು ಶೋಕಿಯ ಕೆಲಸವೆಂದು ಯಾರೂ ತಿಳಿಯಬಾರದು. ಈ ಮೂರು ಕಿಲೋಮೀಟರ್ ವೇಗವನ್ನು ಮರಳಿ ತರುವುದೇ ಅದರ ಉದ್ದೇಶ.

ಎರಡು ಬಗೆಯ ಮುಪ್ಪು

ನಮ್ಮ ಕರಾವಳಿಯಲ್ಲಿ, ಮಲ್ಪೆ, ಗಂಗೊಳ್ಳಿ, ಬೈಂದೂರಿನ ಕಡೆಗಳಲ್ಲಿ, ನಾಡದೋಣಿಯವರು ಈ ಎಂಜಿನ್ನುಗಳನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಅಲ್ಲಿ ಸೀಮೆಎಣ್ಣೆಯಿಂದ ಓಡುವ ಎಂಜಿನ್ನುಗಳು ಬಹಳ. ಪೆಟ್ರೋಲಿನಿಂದ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ; ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರುತ್ತಾರೆ. ಆ ಎಂಜಿನ್ನುಗಳು ದುಡಿದು ದುಡಿದು ಮುಪ್ಪಾಗುತ್ತವೆ. ಉಪ್ಪುನೀರು ಅವುಗಳ ಒಳದಾರಿಗಳನ್ನು ತಿನ್ನುತ್ತದೆ, ಸೀಮೆಎಣ್ಣೆಯ ಮಸಿ ಪಿಸ್ಟನ್ನಿನ ರಿಂಗುಗಳನ್ನು ಹಿಡಿಸಿಬಿಡುತ್ತದೆ.

ಕೃಷ್ಣೆಯ ದಂಡೆಯ ಎಂಜಿನ್ನಿನ ಮುಪ್ಪು ಬೇರೆ ಬಗೆಯದು. ಅದು ಮಲಗಿ ಮಲಗಿ ಮುಪ್ಪಾಗುತ್ತದೆ. ವರ್ಷದ ಹನ್ನೊಂದು ತಿಂಗಳು ಯಾವುದೋ ಉಗ್ರಾಣದ ಮೂಲೆಯಲ್ಲಿ, ಬೇಸಿಗೆಯ ನಲವತ್ತು ಡಿಗ್ರಿ ಸೆಖೆಯಲ್ಲಿ ಬಿದ್ದಿರುತ್ತದೆ. ತೊಟ್ಟಿಯಲ್ಲಿದ್ದ ಪೆಟ್ರೋಲು ಆವಿಯಾಗಿ ಅಂಟು ಉಳಿಯುತ್ತದೆ. ರಬ್ಬರು ಗಟ್ಟಿಯಾಗುತ್ತದೆ. ಇಲಿ ತಂತಿಯನ್ನು ಕಡಿಯುತ್ತದೆ. ಕಣಜ ಹುಳು ನೀರಿನ ಕಿಂಡಿಯಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಹೊಳೆ ಬಂದ ದಿನ ಇದ್ದಕ್ಕಿದ್ದಂತೆ ಅದನ್ನು ಎಬ್ಬಿಸಿ, ಒಂದೇ ಎಳೆತಕ್ಕೆ ಏಳು, ಹತ್ತು ಜನರನ್ನು ಹೊತ್ತು ಸೆಳೆತಕ್ಕೆ ಎದುರಾಗು ಎನ್ನುತ್ತೇವೆ. ಕುಂಭಕರ್ಣನನ್ನು ಎಬ್ಬಿಸಿದಂತೆ ಅಲ್ಲವೆ?

ಇದರಲ್ಲಿ ಒಂದು ಸಮಾಧಾನವೂ ಉಂಟು. ಮಲಗಿ ಮುಪ್ಪಾದ ಎಂಜಿನ್ನಿನ ಒಡಲು ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ರಬ್ಬರು, ಎಣ್ಣೆಯ ದಾರಿ, ತಂತಿಯ ಕೂಡು. ಇವೆಲ್ಲ ಕಡಿಮೆ ಬೆಲೆಯ ಸಾಮಾನುಗಳು. ಪಿಸ್ಟನ್ ಬದಲಿಸಬೇಕೆಂದು ಹೊರಡುವ ಮುನ್ನ ಈ ಸಣ್ಣವನ್ನು ಒಂದೊಂದಾಗಿ ನೋಡಬೇಕು. ನೋಡುವುದಕ್ಕೂ ಒಂದು ಕ್ರಮವಿದೆ.

ಮೊದಲು ಅಳತೆ

ಅಳೆಯದೆ ಬಿಚ್ಚಬಾರದು. ಎರಡು ಅಳತೆಗಳು ಸಾಕು.

ಮೊದಲನೆಯದು ಒತ್ತಡದ ಅಳತೆ. ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ತೆಗೆದು, ಪ್ಲಗ್ ಕೂರುವ ತೂತಿಗೆ ಕಂಪ್ರೆಷನ್ ಗೇಜನ್ನು ತಿರುಪಿ, ಥ್ರಾಟಲನ್ನು ಪೂರ್ತಿ ತೆರೆದು, ಹಗ್ಗವನ್ನು ನಾಲ್ಕೈದು ಸಲ ಜೋರಾಗಿ ಎಳೆಯಬೇಕು. ಎರಡು ಸ್ಟ್ರೋಕಿನ ಬಹಳಷ್ಟು ಎಂಜಿನ್ನುಗಳಲ್ಲಿ ಮುಳ್ಳು ಚದರ ಅಂಗುಲಕ್ಕೆ 90ರಿಂದ 130 ಪೌಂಡಿನ ನಡುವೆ ನಿಲ್ಲುತ್ತದೆ. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ನಿಖರವಾದ ಅಂಕಿ ಇರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಎರಡು ಸಿಲಿಂಡರುಗಳ ನಡುವಿನ ಸಮತೋಲ. ಒಂದರಲ್ಲಿ 110, ಇನ್ನೊಂದರಲ್ಲಿ 105 ಇದ್ದರೆ ಚಿಂತೆಯಿಲ್ಲ. ಒಂದರಲ್ಲಿ 110, ಇನ್ನೊಂದರಲ್ಲಿ 80 ಇದ್ದರೆ ಒಳಗೆ ರೋಗವಿದೆ. ಆಗ ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗು ಸವೆದಿದೆ ಅಥವಾ ಮಸಿಯಿಂದ ಹಿಡಿದುಕೊಂಡಿದೆ. ಏರದಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟಿನ ಮೇಲೆ ಸಂಶಯಪಡಬೇಕು.

ಎರಡನೆಯದು ವೇಗದ ಅಳತೆ. ಕೆರೆಯಲ್ಲಿಯೋ ಜಲಾಶಯದ ಹಿನ್ನೀರಿನಲ್ಲಿಯೋ, ಸೆಳೆತವಿಲ್ಲದ ಕಡೆ, ದಂಡೆಯಲ್ಲಿ 200 ಮೀಟರ್ ಅಂತರದಲ್ಲಿ ಎರಡು ಗೂಟ ನೆಡಿ. ಯಾವಾಗಲೂ ಒಯ್ಯುವಷ್ಟೇ ಭಾರವನ್ನು ದೋಣಿಯಲ್ಲಿಟ್ಟು ಪೂರ್ಣ ವೇಗದಲ್ಲಿ ಹೋಗಿ, ಬಂದು, ಎರಡರ ಸರಾಸರಿ ತೆಗೆಯಿರಿ. ಗಾಳಿಯ ವ್ಯತ್ಯಾಸ ಇದರಿಂದ ಬಹುಮಟ್ಟಿಗೆ ಸರಿಹೋಗುತ್ತದೆ. 48 ಸೆಕೆಂಡು ಬಂದರೆ ವೇಗ ಗಂಟೆಗೆ 15 ಕಿಲೋಮೀಟರ್. 60 ಸೆಕೆಂಡು ಬಂದರೆ 12 ಕಿಲೋಮೀಟರ್. ಆಗ ಹೇಳಿದ ಬದುಕು ಸಾವಿನ ಅಂತರ ಈ 12 ಸೆಕೆಂಡುಗಳಲ್ಲಿದೆ. ಈ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಮುಂದೆ ಮಾಡುವ ಪ್ರತಿಯೊಂದು ರಿಪೇರಿಯ ಬಳಿಕ ಇದೇ ಗೂಟಗಳ ನಡುವೆ ಓಡಿಸಿ ನೋಡಿ. ಯಾವ ರಿಪೇರಿಯಿಂದ ಎಷ್ಟು ಲಾಭವಾಯಿತು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ತಂಪು ನೀರಿನ ದಾರಿ

ಮೋಟಾರು ಸೈಕಲಿಗೆ ಗಾಳಿ ಹೇಗೋ ಔಟ್‌ಬೋರ್ಡಿಗೆ ನೀರು ಹಾಗೆ. ಕಾಲಿನ ಕೆಳಭಾಗದಲ್ಲಿರುವ ಸಣ್ಣ ಪಂಪು ಹೊಳೆಯ ನೀರನ್ನೇ ಮೇಲಕ್ಕೆ ಎತ್ತಿ ಎಂಜಿನ್ನಿನ ಸುತ್ತ ಹರಿಸಿ ಹೊರಬಿಡುತ್ತದೆ. ಈ ಪಂಪಿನೊಳಗೆ ಹೂವಿನ ಎಸಳಿನಂತೆ ರೆಕ್ಕೆಗಳಿರುವ ಒಂದು ರಬ್ಬರ್ ಚಕ್ರವಿದೆ. ಇದಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ಎಂಜಿನ್ ತಿಂಗಳುಗಟ್ಟಲೆ ಮಲಗಿದರೆ ಈ ರೆಕ್ಕೆಗಳು ಬಾಗಿದ ಹಾಗೆಯೇ ಗಟ್ಟಿಯಾಗುತ್ತವೆ. ಮತ್ತೆ ಓಡಿಸಿದಾಗ ನೀರನ್ನು ಹಿಡಿಯುವುದಿಲ್ಲ.

ಎಂಜಿನ್ ಓಡುವಾಗ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆಯೊಂದು ಚಿಮ್ಮುತ್ತಿರಬೇಕು. ದೋಣಿ ನಡೆಸುವವರ ಕಣ್ಣು ಆಗಾಗ ಅದರ ಮೇಲೆ ಬೀಳುತ್ತಿರಲಿ. ಧಾರೆ ಸಣ್ಣದಾದರೆ ಮೊದಲು ಆ ತೂತನ್ನು ತೆಳುವಾದ ನೈಲಾನ್ ದಾರದಿಂದ ಬಿಡಿಸಿ. ಕಣಜದ ಗೂಡೋ ಹೂಳೋ ಇದ್ದರೆ ಹೊರಬರುತ್ತದೆ. ಆದರೂ ಸರಿಹೋಗದಿದ್ದರೆ ಇಂಪೆಲ್ಲರ್ ಬದಲಿಸಬೇಕು. ಪ್ರವಾಹದ ಕೆಲಸಕ್ಕಿರುವ ಎಂಜಿನ್ನಿಗೆ ಅದನ್ನು ವರ್ಷಕ್ಕೊಮ್ಮೆ, ಸರಿಯಾಗಿದೆ ಎಂದು ತೋರಿದರೂ, ಬದಲಿಸುವುದು ಲೇಸು. ನೀರಿನ ದಾರಿಯಲ್ಲಿರುವ ಥರ್ಮೋಸ್ಟಾಟ್ ಹಿಡಿದುಕೊಂಡಿದ್ದರೂ ಎಂಜಿನ್ ಕಾಯುತ್ತದೆ, ಇಲ್ಲವೆ ಕಾಯದೆ ತಣ್ಣಗೇ ಉಳಿದು ಮಸಿ ಕಟ್ಟುತ್ತದೆ. ಅದನ್ನೂ ತೆಗೆದು ನೋಡಬೇಕು.

ನೀರಿಲ್ಲದೆ ಎಂಜಿನ್ನನ್ನು ಒಂದು ಕ್ಷಣವೂ ಓಡಿಸಬಾರದು. "ಸುಮ್ಮನೆ ಚಾಲೂ ಆಗುತ್ತದೆಯೇ ನೋಡೋಣ" ಎಂದು ಅಂಗಳದಲ್ಲಿ ನಿಲ್ಲಿಸಿ ಎಳೆದರೆ ಕೆಲವೇ ಸೆಕೆಂಡುಗಳಲ್ಲಿ ರಬ್ಬರು ಸುಟ್ಟುಹೋಗುತ್ತದೆ. ಒಂದು ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಎಂಜಿನ್ನಿನ ಕಾಲನ್ನು ಅದರಲ್ಲಿ ಇಳಿಸಿ ಚಾಲೂ ಮಾಡಿ. ಪ್ರವಾಹದ ನೀರಿನಲ್ಲಿ ಮಣ್ಣು ವಿಪರೀತ. ಕೆಲಸ ಮುಗಿಸಿ ಬಂದ ಪ್ರತಿ ದಿನ ಇದೇ ಡ್ರಮ್ಮಿನಲ್ಲಿ ತಿಳಿನೀರಿನಿಂದ ಹತ್ತು ನಿಮಿಷ ಓಡಿಸಿದರೆ ಒಳಗಿನ ಹೂಳು ತೊಳೆದುಹೋಗುತ್ತದೆ. ಕರಾವಳಿಯವರು ಉಪ್ಪಿಗೆ ಹೆದರಿ ಸಿಹಿನೀರಿನಿಂದ ತೊಳೆಯುವುದನ್ನು ರೂಢಿ ಮಾಡಿಕೊಂಡಿದ್ದಾರೆ. ನಮ್ಮದು ಸಿಹಿನೀರೇ ತಾನೇ ಎಂದು ಹೊಳೆಯವರು ಸುಮ್ಮನಿರಬಾರದು.

ಎಣ್ಣೆಯ ದಾರಿ

ಮಂದವಾದ ಎಂಜಿನ್ನುಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲಿ. ಸುಲಭವಾದುದರಿಂದ ಆರಂಭಿಸೋಣ.

ಪೆಟ್ರೋಲ್ ತೊಟ್ಟಿಯ ಮುಚ್ಚಳದ ಮೇಲೆ ಗಾಳಿ ಹೋಗಲು ಸಣ್ಣ ತಿರುಪು ಇರುತ್ತದೆ. ಅದನ್ನು ಬಿಚ್ಚಲು ಮರೆತರೆ ಎಂಜಿನ್ ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗುತ್ತದೆ. ಮಿಸ್ತ್ರಿಯನ್ನು ಕರೆಯುವ ಮೊದಲು ಇದನ್ನು ನೋಡಿ. ಆಮೇಲೆ ಕೊಳವೆಯ ನಡುವೆ ಇರುವ ರಬ್ಬರಿನ ಗಡ್ಡೆ. ಅದನ್ನು ಹಿಚುಕುತ್ತ ಹೋದಂತೆ ಗಟ್ಟಿಯಾಗಬೇಕು. ಎಷ್ಟು ಹಿಚುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಓಡುತ್ತಿರುವಾಗಲೇ ಅದು ಒಳಕ್ಕೆ ಚಪ್ಪಟೆಯಾದರೆ ತೊಟ್ಟಿಯ ಕಡೆಯಲ್ಲಿ ಅಡ್ಡಿ ಇದೆ. ಎಂಜಿನ್ ಸೊರಗಿದಾಗ ಅದನ್ನು ಕೈಯಿಂದ ಹಿಚುಕುತ್ತಿದ್ದರೆ ಚೇತರಿಸಿಕೊಂಡು ಓಡುತ್ತದೆಯೇ? ಹಾಗಾದರೆ ದೋಷ ಎಣ್ಣೆ ಪಂಪಿನ ತೆಳು ಪೊರೆಯಲ್ಲಿ ಅಥವಾ ಕೊಳವೆಯಲ್ಲಿದೆ. ಕಾರ್ಬೊರೇಟರನ್ನು ಬಿಚ್ಚುವ ಅಗತ್ಯವಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆ ಎಷ್ಟೋ ಅನಗತ್ಯ ರಿಪೇರಿಗಳನ್ನು ಉಳಿಸುತ್ತದೆ.

ಈಗಿನ ಪೆಟ್ರೋಲಿನ ವಿಷಯವನ್ನು ವಿಶೇಷವಾಗಿ ಹೇಳಬೇಕು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2022ರಲ್ಲಿ ಶೇಕಡಾ 10ನ್ನು ತಲುಪಿ, 2025ರಲ್ಲಿ ಶೇಕಡಾ 20ಕ್ಕೆ ಏರಿತು. ಹಳೆಯ ಎಂಜಿನ್ನುಗಳನ್ನು ತಯಾರಿಸುವಾಗ ಈ ಮಿಶ್ರಣದ ಕಲ್ಪನೆ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದ ನೀರು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತೊಟ್ಟಿಯ ತಳಕ್ಕೆ ಇಳಿಯುತ್ತವೆ. ಕೊಳವೆ ಹೀರುವುದೂ ತಳದಿಂದಲೇ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ನಾವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿದಿರುತ್ತದೆ. ತಳದ ಪದರ ಒಳಗೆ ಹೋದರೆ ಪಿಸ್ಟನ್ನಿಗೆ ಜಿಡ್ಡು ದೊರೆಯದೆ ಅದು ಕಚ್ಚಿಕೊಳ್ಳುತ್ತದೆ. ಆದುದರಿಂದ ಮೂರು ನಿಯಮಗಳನ್ನು ಪಾಲಿಸಿ. ಹಳೆಯ ಕೊಳವೆ, ಗಡ್ಡೆ, ಪಂಪಿನ ಪೊರೆಗಳನ್ನು ಎಥನಾಲ್ ತಡೆಯುವ ಹೊಸ ಸಾಮಾನಿನಿಂದ ಬದಲಿಸಿ. ಕಳೆದ ಮಳೆಗಾಲದ ಪೆಟ್ರೋಲನ್ನು ಈ ಮಳೆಗಾಲಕ್ಕೆ ಬಳಸಬೇಡಿ. ತೊಟ್ಟಿ ಮತ್ತು ಎಂಜಿನ್ನಿನ ನಡುವೆ ನೀರನ್ನು ಬೇರ್ಪಡಿಸುವ ಫಿಲ್ಟರ್ ಒಂದನ್ನು ಕೂರಿಸಿ.

ಆಯಿಲ್ ಬೆರೆಸುವ ಪ್ರಮಾಣದಲ್ಲಿಯೂ ತಪ್ಪು ತಿಳುವಳಿಕೆ ಉಂಟು. 50ಕ್ಕೆ 1 ಎಂದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್. 25ಕ್ಕೆ 1 ಎಂದರೆ 200 ಮಿಲಿಲೀಟರ್. ಯಾವುದು ಎಂಬುದನ್ನು ಕೈಪಿಡಿ ಹೇಳುತ್ತದೆ. "ಹಳೆಯ ಎಂಜಿನ್, ಸ್ವಲ್ಪ ಜಾಸ್ತಿಯೇ ಹಾಕೋಣ" ಎಂದು ಕೈ ಬಿಟ್ಟು ಸುರಿದರೆ ಪ್ಲಗ್ಗು ಕಪ್ಪಾಗುತ್ತದೆ, ಮಸಿ ಕಟ್ಟುತ್ತದೆ, ಅಷ್ಟರಮಟ್ಟಿಗೆ ಪೆಟ್ರೋಲು ಕಡಿಮೆ ಹೋಗುತ್ತದೆ. ಸ್ಕೂಟರಿನ ಆಯಿಲನ್ನೂ ಹಾಕಬಾರದು. ನೀರಿನಿಂದ ತಂಪಾಗುವ ಎಂಜಿನ್ನಿಗೆಂದೇ ಟಿ.ಸಿ.-ಡಬ್ಲ್ಯು.3 ಎಂಬ ಗುರುತಿನ ಆಯಿಲ್ ಉಂಟು. ಅದು ಬೂದಿ ಉಳಿಸದೆ ಉರಿಯುತ್ತದೆ.

ಇನ್ನು ಕಾರ್ಬೊರೇಟರು. ಅದರ ಜೆಟ್ಟುಗಳ ತೂತು ಸೂಜಿಯ ಮೊನೆಗಿಂತ ದೊಡ್ಡದಲ್ಲ. ಒಣಗಿದ ಪೆಟ್ರೋಲಿನ ಅಂಟು ಅದನ್ನು ಮುಚ್ಚಿರುತ್ತದೆ. ಕಾರ್ಬೊರೇಟರ್ ತೊಳೆಯುವ ದ್ರವದಲ್ಲಿ ನೆನೆಹಾಕಿ ಗಾಳಿಯಿಂದ ಊದಬೇಕು. ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಅಳತೆಯೇ ಕೆಡುತ್ತದೆ.

ಬಹಳ ಜನ ನೋಡದ ಇನ್ನೊಂದು ಸಂಗತಿ ಇದೆ. ಎಂಜಿನ್ ನಿಲ್ಲಿಸಿ, ಮೇಲಿನ ಕವಚ ತೆಗೆದು, ಹಿಡಿಯನ್ನು ಪೂರ್ತಿ ತಿರುಗಿಸಿ ಹಿಡಿದುಕೊಳ್ಳಿ. ಕಾರ್ಬೊರೇಟರಿನ ಬಾಯಲ್ಲಿರುವ ತಟ್ಟೆ ಪೂರ್ತಿ ತೆರೆದುಕೊಂಡಿದೆಯೇ ನೋಡಿ. ಹಳೆಯ ಎಂಜಿನ್ನುಗಳಲ್ಲಿ ಕೇಬಲ್ ಜಗ್ಗಿ, ಕೊಂಡಿಗಳು ಸವೆದು, ಹಿಡಿ ಕೊನೆ ಮುಟ್ಟಿದರೂ ತಟ್ಟೆ ಮುಕ್ಕಾಲು ಮಾತ್ರ ತೆರೆದಿರುತ್ತದೆ. ವರ್ಷಗಟ್ಟಲೆ ಮುಕ್ಕಾಲು ಶಕ್ತಿಯಲ್ಲಿಯೇ ಓಡಿಸುತ್ತಿದ್ದರೂ ಅದು ಯಾರಿಗೂ ಗೊತ್ತಾಗಿರುವುದಿಲ್ಲ. ಒಂದು ಸ್ಪ್ಯಾನರಿನಿಂದ ಸರಿಪಡಿಸಬಹುದಾದ ಕೆಲಸ ಇದು.

ಕಿಡಿ

ಪ್ಲಗ್ಗು ಎಂಜಿನ್ನಿನ ನಾಲಿಗೆ ಇದ್ದಂತೆ. ವೈದ್ಯರು ನಾಲಿಗೆ ನೋಡುವಂತೆ ಅದನ್ನು ನೋಡಬೇಕು. ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಆರೋಗ್ಯ. ಕಪ್ಪಾಗಿ ಒದ್ದೆಯಾಗಿದ್ದರೆ ಆಯಿಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲ. ಬೆಳ್ಳಗೆ ಸುಣ್ಣದಂತಿದ್ದರೆ ಎಚ್ಚರ: ಪೆಟ್ರೋಲು ಸಾಲುತ್ತಿಲ್ಲ ಅಥವಾ ಎಂಜಿನ್ ಕಾಯುತ್ತಿದೆ, ಹಾಗೆಯೇ ಓಡಿಸಿದರೆ ಪಿಸ್ಟನ್ ಕರಗಬಹುದು. ಪ್ಲಗ್ಗಿನ ಸಂಖ್ಯೆ ಮತ್ತು ಅದರ ತುದಿಯ ಸಂದು ಕೈಪಿಡಿಯಂತೆಯೇ ಇರಲಿ. ಬಲವಾದ ಕಿಡಿ ನೀಲಿ ಬಣ್ಣದ್ದು, ಚಟಪಟ ಸದ್ದಿನದು. ಹಳದಿಯಾಗಿ ಸೊರಗಿದ್ದರೆ ಮೊದಲು ತಂತಿಯ ಕೂಡುಗಳನ್ನು, ಎಂಜಿನ್ನಿನ ಒಡಲಿಗೆ ಕೂಡುವ ಅರ್ಥಿಂಗ್ ತಂತಿಯನ್ನು ಉಜ್ಜಿ ಬಿಗಿ ಮಾಡಿ. ಮುಕ್ಕಾಲುಪಾಲು ದೋಷ ತುಕ್ಕಿನಲ್ಲಿಯೇ ಇರುತ್ತದೆ. ಕಿಡಿಯನ್ನು ಪರೀಕ್ಷಿಸುವಾಗ ಪೆಟ್ರೋಲಿನ ತೊಟ್ಟಿ ದೂರವಿರಲಿ.

ಪಂಕ ಮತ್ತು ಗೇರು

ಎಂಜಿನ್ನಿನ ಶಕ್ತಿ ನೀರಿಗೆ ಮುಟ್ಟುವುದು ಪಂಕದಿಂದ. ತಿಂಥಣಿಯ ಆಸುಪಾಸಿನ ಕೃಷ್ಣೆಯಂಥ ಬಂಡೆಯ ಹೊಳೆಯಲ್ಲಿ ಪಂಕದ ಅಂಚು ಚಿಪ್ಪೇಳುವುದು ಸಾಮಾನ್ಯ. ಅಂಚು ಬಾಗಿದ, ಮುರಿದ ಪಂಕ ಶಕ್ತಿಯನ್ನು ತಿನ್ನುವುದಷ್ಟೇ ಅಲ್ಲ, ನಡುಕದಿಂದ ಬೇರಿಂಗುಗಳನ್ನೂ ತಿನ್ನುತ್ತದೆ. ಸಣ್ಣ ಚಿಪ್ಪುಗಳನ್ನು ಅರದಿಂದ ಉಜ್ಜಿ, ಎಲ್ಲ ರೆಕ್ಕೆಗಳನ್ನೂ ಸಮನಾಗಿ ತರಬಹುದು. ಹೆಚ್ಚು ಮುರಿದಿದ್ದರೆ ಬದಲಿಸಬೇಕು.

ಪಂಕದ ಮೇಲೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವ್ಯಾಸ. ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಪಂಕ ಎಷ್ಟು ಅಂಗುಲ ಮುಂದೆ ಹೋಗಬೇಕು ಎಂಬ ಲೆಕ್ಕ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿ, ಗೇರು ಅದನ್ನು ಅರ್ಧಕ್ಕೆ ಇಳಿಸಿದರೆ ಪಂಕ 2500 ಸುತ್ತು ತಿರುಗುತ್ತದೆ. ಪಿಚ್ 10 ಅಂಗುಲವಾದರೆ ಲೆಕ್ಕಕ್ಕೆ ಗಂಟೆಗೆ 38 ಕಿಲೋಮೀಟರ್ ಬರಬೇಕು. ನೀರು ಜಾರುವುದರಿಂದ ನಿಜದಲ್ಲಿ ಅಷ್ಟು ಬರುವುದಿಲ್ಲ. ಭಾರದ ದೋಣಿಯಲ್ಲಿ ಅರ್ಧಕ್ಕಿಂತ ಕಡಿಮೆ ಬರುವುದೂ ಉಂಟು. ಒಬ್ಬಿಬ್ಬರು ಕೂತು ಓಡಾಡುವ ಹಗುರ ದೋಣಿಗೆ ಹೆಚ್ಚು ಪಿಚ್ ಸರಿ. ಹತ್ತು ಜನರನ್ನು ಹೊತ್ತು ಸೆಳೆತಕ್ಕೆ ಎದುರಾಗುವ ದೋಣಿಗೆ ಕಡಿಮೆ ಪಿಚ್ ಬೇಕು. ಗಾಡಿ ಘಟ್ಟ ಹತ್ತುವಾಗ ಗೇರು ಇಳಿಸಿದ ಹಾಗೆ.

ಯಾವ ಪಿಚ್ ಸರಿ ಎಂದು ತಿಳಿಯಲು ಪ್ಲಗ್ಗಿನ ತಂತಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಸಾಕು. ಪೂರ್ತಿ ಭಾರದೊಂದಿಗೆ, ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಎಂಜಿನ್ ಏದುಸಿರು ಬಿಡುತ್ತಿದೆ ಎಂದು ಅರ್ಥ. ಪಿಚ್ ಒಂದು ಅಂಗುಲ ಇಳಿಸಿದರೆ ನಿಮಿಷಕ್ಕೆ 150ರಿಂದ 200 ಸುತ್ತು ಏರುತ್ತದೆ. ಪಂಕವೊಂದನ್ನು ಬದಲಿಸಿದ್ದರಿಂದಲೇ ಮುದಿ ಎಂಜಿನ್ ಎದ್ದು ಕುಳಿತ ಉದಾಹರಣೆಗಳು ಬಹಳ.

ಎಂಜಿನ್ ಕಿರಿಚುತ್ತದೆ, ದೋಣಿ ಹೋಗುವುದಿಲ್ಲ ಎಂಬ ದೂರು ಬಂದರೆ ಪಂಕದ ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು. ಬುಷ್ಷಿನ ಒಳ ತೋಳಿಗೂ ಹೊರ ಒಡಲಿಗೂ ಅಡ್ಡಲಾಗಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಗೆರೆ ಎರಡಾಗಿ ಸರಿದಿದ್ದರೆ ರೋಗ ಸಿಕ್ಕಿತು. ಸಣ್ಣ ಎಂಜಿನ್ನುಗಳಲ್ಲಿ ಬಂಡೆಗೆ ತಾಗಿದಾಗ ತಾನು ಮುರಿದು ಗೇರನ್ನು ಉಳಿಸುವ ಷಿಯರ್ ಪಿನ್ ಇರುತ್ತದೆ. ಅದರ ಜಾಗಕ್ಕೆ ಮೊಳೆ ಹೊಡೆಯುವವರಿದ್ದಾರೆ. ಮೊಳೆ ಮುರಿಯುವುದಿಲ್ಲ, ಗೇರು ಮುರಿಯುತ್ತದೆ. ಎರಡು ಪಿನ್ನುಗಳು ಯಾವಾಗಲೂ ದೋಣಿಯಲ್ಲಿರಲಿ.

ಗೇರಿನ ಎಣ್ಣೆಯ ಕೆಳತಿರುಪನ್ನು ಸಡಿಲಿಸಿ ನಾಲ್ಕು ಹನಿ ನೋಡಿ. ಹಾಲುಬಣ್ಣ ಬಂದಿದ್ದರೆ ನೀರು ಸೇರಿದೆ, ಸೀಲು ಹೋಗಿದೆ. ಪಂಕದ ದಂಡಕ್ಕೆ ಸುತ್ತಿಕೊಂಡ ಬಲೆಯ ದಾರ ಸೀಲನ್ನು ಕೊಯ್ದಿರುವುದು ಅನೇಕ ವೇಳೆ ಕಾರಣ. ಪಂಕವನ್ನು ಬಿಚ್ಚಿದಾಗಲೆಲ್ಲ ಅಲ್ಲಿ ದಾರವಿದೆಯೇ ಎಂದು ನೋಡಬೇಕು.

ದೋಣಿಯೂ ಒಂದು ಭಾಗ

ಕೆಲವೊಮ್ಮೆ ಎಂಜಿನ್ ಸರಿಯಾಗಿಯೇ ಇರುತ್ತದೆ, ಕೂರಿಸಿದ್ದು ಸರಿಯಿರುವುದಿಲ್ಲ. ಪಂಕದ ಮೇಲುಗಡೆ ಅಡ್ಡವಾಗಿರುವ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಇಲ್ಲವೆ ಅದಕ್ಕಿಂತ ಬೆರಳಷ್ಟು ಕೆಳಗೆ ಇರಬೇಕು. ಮೇಲಿದ್ದರೆ ಪಂಕ ಗಾಳಿಯನ್ನು ಹಿಡಿದು ನೊರೆ ಕಡೆಯುತ್ತದೆ. ತೀರ ಕೆಳಗಿದ್ದರೆ ಕಾಲು ನೀರನ್ನು ಎಳೆಯುತ್ತದೆ. ಎಂಜಿನ್ನನ್ನು ನಿಲ್ಲಿಸುವ ಓರೆಯನ್ನೂ ಒಂದೊಂದು ತೂತು ಬದಲಿಸಿ, ಅದೇ 200 ಮೀಟರಿನಲ್ಲಿ ಓಡಿಸಿ ನೋಡಿ. ಜನರೆಲ್ಲ ಹಿಂದೆ ಕೂತರೆ ಮೂತಿ ಮೇಲೆದ್ದು ದೋಣಿ ನೀರನ್ನು ಉಳುತ್ತದೆ. ಇಬ್ಬರನ್ನು ಮುಂದೆ ಕೂರಿಸಿ. ತಳದಲ್ಲಿ ನಿಂತ ನೀರನ್ನು ಮೊಗೆಯಿರಿ: ಹತ್ತು ಕೊಡ ನೀರು ಎಂದರೆ ಇಬ್ಬರು ಜನರ ಭಾರ. ತಳದ ಹಾವಸೆಯನ್ನು ಕೆರೆದು ತೆಗೆಯಿರಿ.

ಎಲ್ಲ ಹಳೆಯ ಎಂಜಿನ್ನುಗಳೂ ಮರಳಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಒಡಲು ಬಿರುಕು ಬಿಟ್ಟಿದ್ದರೆ, ನೀರಿನ ಒಳದಾರಿಗಳನ್ನು ಉಪ್ಪು ತಿಂದಿದ್ದರೆ, ರಿಂಗು ಬದಲಿಸಿದ ಮೇಲೂ ಒತ್ತಡ ಏರದಿದ್ದರೆ ಅದನ್ನು ಪ್ರವಾಹದ ಕೆಲಸಕ್ಕೆ ಬಳಸಬಾರದು. ಕೆರೆಯ ಮೀನುಗಾರಿಕೆಗೆ ಅದು ಸಾಕಾಗಬಹುದು. ಹಾಗೆಯೇ ಜೆಟ್ಟು ದೊಡ್ಡದು ಮಾಡಿ, ಹೆಡ್ಡು ಉಜ್ಜಿ, ಎಂಜಿನ್ನಿಗೆ ತಯಾರಕರು ಕೊಟ್ಟದ್ದಕ್ಕಿಂತ ಹೆಚ್ಚಿನ ಶಕ್ತಿ ತರಿಸುತ್ತೇವೆನ್ನುವವರ ಮಾತಿಗೆ ಮರುಳಾಗಬೇಡಿ. ನಮಗೆ ಬೇಕಾದದ್ದು ಅದರಲ್ಲಿ ಮೊದಲಿದ್ದ ಶಕ್ತಿ; ಹೆಚ್ಚಿನದಲ್ಲ.

ಮಳೆಯ ಲೆಕ್ಕಕ್ಕೆ ಕಟ್ಟಿದ ಕೆಲಸ

ನಮ್ಮ ರೈತರಿಗೆ ಪಂಚಾಂಗ ಬೇಕಿಲ್ಲ. ಮಳೆಯ ನಕ್ಷತ್ರಗಳೇ ಅವರ ಪಂಚಾಂಗ. ರೋಹಿಣಿ ಬರುವ ಮುನ್ನ ಕೂರಿಗೆ, ಕುಂಟೆಗಳನ್ನು ಬಡಗಿಯ ಮನೆಗೆ ಒಯ್ಯುತ್ತಾರೆ. ಅಂಬಿಗರು ಹರಿಗೋಲನ್ನು ಮಗುಚಿ ಡಾಂಬರು ಬಳಿಯುತ್ತಾರೆ. ಎಂಜಿನ್ನಿಗೂ ಇದೇ ಕ್ರಮ ಇರಲಿ.

ಮೇ ತಿಂಗಳ ಕೊನೆಗೆ ರೋಹಿಣಿ ಕೂಡುತ್ತದೆ. ಅಷ್ಟರೊಳಗೆ ಇಂಪೆಲ್ಲರ್, ಕೊಳವೆ, ಪ್ಲಗ್ಗು, ಗೇರಿನ ಎಣ್ಣೆಗಳ ಬದಲಾವಣೆ ಮುಗಿಯಬೇಕು. ಜೂನ್ ಎರಡನೇ ವಾರದ ಮೃಗಶಿರೆಗೆ ದೋಣಿಯನ್ನು ನೀರಿಗಿಳಿಸಿ, ಭಾರವಿಟ್ಟು, 200 ಮೀಟರಿನ ಪರೀಕ್ಷೆ ಆಗಬೇಕು. ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಮಳೆಗಳ ಕಾಲ, ಅಂದರೆ ಜುಲೈಯಿಂದ ಆಗಸ್ಟ್ ಕೊನೆಯವರೆಗೆ, ವಾರಕ್ಕೊಮ್ಮೆ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಬೇಕು. ಎಷ್ಟನೇ ಎಳೆತಕ್ಕೆ ಚಾಲೂ ಆಯಿತು ಎಂದು ತಾರೀಖಿನೊಂದಿಗೆ ಬರೆದಿಡಿ. ಎರಡು ಎಳೆತ ಇದ್ದದ್ದು ನಾಲ್ಕಾದರೆ ಎಂಜಿನ್ ಏನನ್ನೋ ಹೇಳುತ್ತಿದೆ. ಹೊಳೆ ಇಳಿದ ಮೇಲೆ ತಿಳಿನೀರಿನಲ್ಲಿ ತೊಳೆದು, ಕೊಳವೆ ಕಳಚಿ ಕಾರ್ಬೊರೇಟರಿನ ಪೆಟ್ರೋಲು ಮುಗಿಯುವವರೆಗೆ ಓಡಿಸಿ, ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ನೇರವಾಗಿ ನಿಲ್ಲಿಸಿ, ಬಟ್ಟೆ ಹೊದಿಸಿಡಿ. ತಿಂಗಳಿಗೊಮ್ಮೆ ಹಗ್ಗ ಎಳೆದು ತಿರುಗಿಸಿದರೆ ಒಳಗಿನ ಭಾಗಗಳು ಹಿಡಿದುಕೊಳ್ಳುವುದಿಲ್ಲ.

ಈ ಕೆಲಸಕ್ಕೆ ಒಬ್ಬ ಮನುಷ್ಯ ಬೇಕು. ಎಲ್ಲರ ಎಂಜಿನ್ ಎಂದರೆ ಯಾರದೂ ಅಲ್ಲದ ಎಂಜಿನ್. ದಂಡೆಯ ಊರುಗಳಲ್ಲಿ ಹೊಳೆಯನ್ನು ಬಲ್ಲ ಅಂಬಿಗರ ಮಕ್ಕಳಿದ್ದಾರೆ, ಐ.ಟಿ.ಐ. ಓದಿದ ತರುಣರಿದ್ದಾರೆ. ಅಂಥ ಇಬ್ಬರಿಗೆ ಕೀಲಿಕೈಯನ್ನೂ ಲೆಕ್ಕದ ಪುಸ್ತಕವನ್ನೂ ಕೊಡಿ. ಅಗ್ನಿಶಾಮಕ ದಳದವರೂ ವಿಪತ್ತು ನಿರ್ವಹಣಾ ಪಡೆಯವರೂ ದೂರದಿಂದ ಬರಬೇಕು. ಆ ಮೊದಲ ಕೆಲವು ಗಂಟೆಗಳು ಊರವರ ಕೈಯಲ್ಲಿವೆ. 2020ರ ಆಗಸ್ಟಿನಲ್ಲಿ ರಾಯಚೂರು ಬಳಿಯ ಕುರ್ವಕಲಾ ನಡುಗಡ್ಡೆಯವರನ್ನು ಒಯ್ಯುತ್ತಿದ್ದ ಹರಿಗೋಲು ಇದೇ ಕೃಷ್ಣೆಯಲ್ಲಿ ಮಗುಚಿ ಜನ ನೀರುಪಾಲಾದರು. ಹೊಳೆ ದಾಟುವ ಅಗತ್ಯ ತಪ್ಪುವುದಿಲ್ಲ, ಏನು ಹತ್ತಿ ದಾಟುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ದೋಣಿ ಹತ್ತುವ ಪ್ರತಿಯೊಬ್ಬರಿಗೂ ತೇಲುಜಾಕೀಟು ಇರಲಿ. ಎಂಜಿನ್ ನಿಲ್ಲಿಸುವ ಹಗ್ಗ ನಡೆಸುವವರ ಮಣಿಕಟ್ಟಿಗಿರಲಿ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಎರಡು ಹುಟ್ಟು, ಒಂದು ಲಂಗರು ದೋಣಿಯಲ್ಲಿರಲಿ.

ಹೊಳೆ ಬರುವ ದಿನವನ್ನು ನಾವು ನಿರ್ಧರಿಸಲಾರೆವು. ಆ ದಿನ ಎಂಜಿನ್ ಎಷ್ಟನೇ ಎಳೆತಕ್ಕೆ ಏಳಬೇಕು ಎಂಬುದನ್ನು ಮೇ ತಿಂಗಳಿನಲ್ಲಿಯೇ ನಿರ್ಧರಿಸಬಹುದು. ಈ ಬೇಸಿಗೆ ಮುಗಿಯುವ ಮೊದಲು ನಿಮ್ಮ ಊರಿನ ಉಗ್ರಾಣದ ಬಾಗಿಲನ್ನು ಒಮ್ಮೆ ತೆರೆಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.